ಎರಡು ಇಂಚಿನ ಅಂತರ: ಬಸ್ಟರ್ ಕೀಟನ್ ಸಿನಿಮಾ ಕಟ್ಟುತ್ತಿದ್ದ ಬಗೆ

ಬಿರುಗಾಳಿಗೆ ಸಿಕ್ಕ ಊರು. ಬೀದಿಯಲ್ಲಿ ಒಬ್ಬ ಕುಳ್ಳ ಮನುಷ್ಯ ದಿಕ್ಕು ತೋಚದೆ ನಿಂತಿದ್ದಾನೆ. ಅವನ ಬೆನ್ನ ಹಿಂದಿನ ಮನೆಯ ಮುಂಗೋಡೆ ಇಡಿಯಾಗಿ ಕಳಚಿಕೊಂಡು ಅವನ ಮೇಲೆ ಬೀಳುತ್ತದೆ. ಗೋಡೆಯ ಮೇಲ್ಭಾಗದ ಕಿಟಕಿ ತೆರೆದಿರುವುದರಿಂದ, ಆ ಖಾಲಿ ಜಾಗ ಅವನು ನಿಂತಲ್ಲಿಗೇ ಸರಿಯಾಗಿ ಬಂದು ಕೂರುತ್ತದೆ. ಧೂಳೆದ್ದು ಅಡಗಿದಾಗ ಮನುಷ್ಯ ನಿಂತೇ ಇರುತ್ತಾನೆ. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಚಿತ್ರದ ಈ ಕೆಲವೇ ಸೆಕೆಂಡುಗಳನ್ನು ನೋಡಿದವರ ಬಾಯಲ್ಲಿ ಬರುವ ಮೊದಲ ಮಾತು: ಎಂಥ ಗುಂಡಿಗೆ!

ಗುಂಡಿಗೆ ಇದ್ದದ್ದು ನಿಜ. ಆದರೆ ಆ ದೃಶ್ಯವನ್ನು ಸಾಧ್ಯವಾಗಿಸಿದ್ದು ಬಡಗಿ ಕೆಲಸ. ಮೊದಲು ಗೋಡೆಯ ಚೌಕಟ್ಟನ್ನು ನೆಲದ ಮೇಲೆ ಮಲಗಿಸಿದರು. ಆ ಕುಳ್ಳ ಮನುಷ್ಯ, ಅಮೆರಿಕದ ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್, ತಾನು ನಿಲ್ಲಬೇಕಾದ ಜಾಗದಲ್ಲಿ ನಿಂತ, ಅವನ ಸುತ್ತ ಕಿಟಕಿಯನ್ನು ಕಟ್ಟಿದರು. ಎರಡೂ ಭುಜಗಳ ಪಕ್ಕದಲ್ಲಿ, ತಲೆಯ ಮೇಲೆ, ಹಿಮ್ಮಡಿಯ ಹಿಂದೆ ಉಳಿಸಿದ ಅಂತರ ಎರಡೆರಡು ಇಂಚು. ಹಿಮ್ಮಡಿ ಬರುವ ಜಾಗದಲ್ಲಿ ನೆಲಕ್ಕೆ ದೊಡ್ಡ ಮೊಳೆಗಳನ್ನು ಹೊಡೆದು ಗುರುತು ಮಾಡಿದರು. ಆಮೇಲೆ ಚೌಕಟ್ಟಿನ ಬುಡಕ್ಕೆ ಬಿಜಾಗರಿ ಕೊಟ್ಟು, ಎತ್ತಿ ನಿಲ್ಲಿಸಿ, ಮುಂಗೋಡೆಯ ಉಳಿದ ಕೆಲಸ ಮುಗಿಸಿದರು.

ಸಿನಿಮಾ ಸೆಟ್ಟಿನ ಗೋಡೆ ಎಂದರೆ ಸಾಮಾನ್ಯವಾಗಿ ಹಗುರ ಹಲಗೆ, ಬಟ್ಟೆ, ಬಣ್ಣ. ಇಲ್ಲಿ ಅದು ನಡೆಯುತ್ತಿರಲಿಲ್ಲ. ಹಗುರ ಗೋಡೆ ಬೀಳುವಾಗ ನಡುವೆ ಬಾಗುತ್ತದೆ, ತಿರುಚಿಕೊಳ್ಳುತ್ತದೆ. ಎರಡು ಇಂಚಿನ ಲೆಕ್ಕದಲ್ಲಿ ಅಷ್ಟು ಬಾಗಿದರೂ ಸಾಕು, ಕಿಟಕಿಯ ಅಂಚು ತಲೆಗೆ ಬಡಿಯುತ್ತದೆ. ಆದ್ದರಿಂದಲೇ ಗೋಡೆಯನ್ನು ಬೇಕೆಂದೇ ಭಾರವಾಗಿ, ಸುಮಾರು ಎರಡು ಟನ್ ತೂಕ ಬರುವಂತೆ ಕಟ್ಟಿದರು. ಇನ್ನು ಗಾಳಿ. ಬಿರುಗಾಳಿಯ ದೃಶ್ಯವೆಂದ ಮೇಲೆ ವಿಮಾನದ ಎಂಜಿನ್ ಜೋಡಿಸಿದ ದೊಡ್ಡ ಫ್ಯಾನುಗಳು ಬೀಸುತ್ತಿರಲೇಬೇಕು. ದೃಶ್ಯದ ಮುಂಭಾಗದಲ್ಲೂ ಹಿನ್ನೆಲೆಯಲ್ಲೂ ಗಾಳಿ ಕಾಣಬೇಕು, ಬೀಳುತ್ತಿರುವ ಗೋಡೆಗೆ ಮಾತ್ರ ಒಂದು ಬೀಸೂ ತಾಗಬಾರದು. ಅದಕ್ಕಾಗಿ ಫ್ಯಾನುಗಳ ದಿಕ್ಕನ್ನು ಹೊಂದಿಸಿ, ಗಾಳಿ ಗೋಡೆಯ ಕಡೆ ಹೊರಳದಂತೆ ಮರೆ ಕಟ್ಟಿದರು. ಡ್ಯೂಪ್ ಇರಲಿಲ್ಲ. ಎರಡನೇ ಟೇಕ್ ಎಂಬುದಕ್ಕೆ ಅಲ್ಲಿ ಅರ್ಥವೂ ಇರಲಿಲ್ಲ. ನಿರ್ದೇಶಕ ಚಾರ್ಲ್ಸ್ ರೈಸ್ನರ್ ನೋಡಲಾಗದೆ ದೂರ ಹೋಗಿ ಪ್ರಾರ್ಥನೆಗೆ ಕೂತನೆಂದು ಕೀಟನ್ ಮುಂದೆ ಹೇಳಿಕೊಂಡಿದ್ದಾನೆ.

ಈ ಉಪಾಯ ಅಂದು ಹೊಳೆದದ್ದಲ್ಲ ಎಂಬುದನ್ನು ಗಮನಿಸಬೇಕು. 1919ರಲ್ಲಿ ಹಾಸ್ಯನಟ ರಾಸ್ಕೊ ಆರ್ಬಕಲ್ ಜೊತೆ ಮಾಡಿದ ‘ಬ್ಯಾಕ್ ಸ್ಟೇಜ್’ನಲ್ಲಿ ನಾಟಕದ ಪರದೆಮನೆಯೊಂದು ಹೀಗೆಯೇ ಬೀಳುತ್ತದೆ. ಅದು ಹಗುರ ವಸ್ತು, ಬಿದ್ದರೂ ಪೆಟ್ಟಿಲ್ಲ. 1920ರ ‘ಒನ್ ವೀಕ್’ನಲ್ಲಿ ಬಿದ್ದದ್ದು ಮನೆಯ ಗೋಡೆ. ಎಂಟು ವರ್ಷ ಕಳೆದ ಮೇಲೆ ಅದೇ ಯೋಚನೆ ಎರಡು ಟನ್ ತೂಗಿತು. ಸಣ್ಣದಾಗಿ ಮಾಡಿ ನೋಡು, ತಪ್ಪುವ ಜಾಗ ಹುಡುಕು, ಆಮೇಲೆ ದೊಡ್ಡದು ಮಾಡು: ಕೀಟನ್‌ನ ದಾರಿ ಇದು. ಈ ದಾರಿಗೆ ಸಮಯ ಬೇಕು, ಕೈ ಪಳಗಿದ ತಂಡ ಬೇಕು, ಏನಾಗುತ್ತದೆಂದು ಮೊದಲೇ ಬರೆದುಕೊಡಬೇಕಾದ ಬಲವಂತ ಇರಬಾರದು. 1920ರಿಂದ 1928ರವರೆಗೆ ಇದೆಲ್ಲ ಅವನಿಗಿತ್ತು. ಆಮೇಲೆ ಕೈತಪ್ಪಿತು. ‘ಮಾತಿನ ಚಿತ್ರ ಬಂತು, ಮೂಕಿ ನಟ ಮುಳುಗಿದ’ ಎಂದು ಅವನ ಕಥೆಯನ್ನು ಒಂದೇ ಸಾಲಿನಲ್ಲಿ ಮುಗಿಸುವವರು ಹಲವರು. ಅದು ತಪ್ಪು. ಯಾಕೆ ತಪ್ಪು ಎಂದು ತಿಳಿಯಬೇಕಾದರೆ ಅವನ ಕೆಲಸದ ಒಳಗನ್ನು ನೋಡಬೇಕು.

ಬೀಳುವುದನ್ನು ಕಲಿತ ಶಾಲೆ

ಜೋಸೆಫ್ ಫ್ರಾಂಕ್ ಕೀಟನ್ ಹುಟ್ಟಿದ್ದು 1895ರ ಅಕ್ಟೋಬರ್ 4ರಂದು, ಕ್ಯಾನ್ಸಸ್ ರಾಜ್ಯದ ಪಿಕ್ವಾ ಎಂಬ ಪುಟ್ಟ ಊರಲ್ಲಿ. ಅದು ಅವರ ಸ್ವಂತ ಊರೇನಲ್ಲ. ತಂದೆ ಜೋ, ತಾಯಿ ಮೈರಾ ಊರೂರು ಸುತ್ತಿ ಆಟ ತೋರಿಸಿ ಔಷಧಿ ಮಾರುವ ಮೇಳದಲ್ಲಿದ್ದರು, ಹೆರಿಗೆ ಸಮಯಕ್ಕೆ ಮೇಳ ಅಲ್ಲಿತ್ತು. ಅವನಿಗೆ ಅಂಟಿದ ಅಡ್ಡಹೆಸರು ‘ಬಸ್ಟರ್’ ಎಂದರೆ ಆ ಕಾಲದ ಆಡುಮಾತಿನಲ್ಲಿ ಜೋರಾಗಿ ಬೀಳುವುದು.

ಐದು ತುಂಬುವ ಹೊತ್ತಿಗೆ ಹುಡುಗ ರಂಗದ ಮೇಲಿದ್ದ. ‘ದಿ ತ್ರೀ ಕೀಟನ್ಸ್’ ಹೆಸರಿನ ಅವರ ಆಟದ ತಿರುಳು ಇಷ್ಟೇ: ಅಪ್ಪ ಬುದ್ಧಿ ಹೇಳುತ್ತಾನೆ, ಮಗ ಕೇಳುವುದಿಲ್ಲ, ಅಪ್ಪ ಅವನನ್ನು ಎತ್ತಿ ಎಸೆಯುತ್ತಾನೆ. ಎಸೆಯಲು ಅನುಕೂಲವಾಗಲೆಂದು ಹುಡುಗನ ಅಂಗಿಯ ಬೆನ್ನಿಗೆ ಸೂಟ್‌ಕೇಸಿನ ಹಿಡಿಯೊಂದನ್ನು ಹೊಲಿದಿದ್ದರು. ಮಕ್ಕಳ ರಕ್ಷಣೆಯ ಸಂಘದವರು ನ್ಯೂಯಾರ್ಕಿನಲ್ಲಿ ಈ ಆಟದ ಬೆನ್ನು ಬಿದ್ದಿದ್ದರು, ಅದರಲ್ಲಿ ಆಶ್ಚರ್ಯವಿಲ್ಲ. ಹುಡುಗ ಅಲ್ಲಿ ಕಲಿತದ್ದು ಎರಡು ವಿದ್ಯೆ. ಮೊದಲನೆಯದು ಬೀಳುವುದು: ಮೈ ಬಿಗಿ ಹಿಡಿದರೆ ಮೂಳೆ ಮುರಿಯುತ್ತದೆ, ಸಡಿಲ ಬಿಟ್ಟು ಕೊನೆಯ ಕ್ಷಣದಲ್ಲಿ ಕೈಯನ್ನೋ ಕಾಲನ್ನೋ ಕೊಟ್ಟು ಪೆಟ್ಟನ್ನು ಹಂಚಬೇಕು. ಎರಡನೆಯದು ಮುಖ. ಬಿದ್ದೆದ್ದು ತಾನೇ ನಕ್ಕರೆ ಪ್ರೇಕ್ಷಕರು ಕಡಿಮೆ ನಗುತ್ತಾರೆ, ಮುಖ ಕಲ್ಲಿನಂತಿಟ್ಟರೆ ಹೊಟ್ಟೆ ಹಿಡಿದು ನಗುತ್ತಾರೆ. ‘ಕಲ್ಲುಮುಖ’ ಎಂಬ ಬಿರುದಿನ ಮೂಲ ಇದು. ಆ ಮುಖದಲ್ಲಿ ಭಾವವಿಲ್ಲ ಎನ್ನುವವರು ಕಣ್ಣುಗಳನ್ನು ನೋಡಿಲ್ಲ. ಅವನ ಇಡೀ ಅಭಿನಯ ಕಣ್ಣಲ್ಲಿ, ಬೆನ್ನಲ್ಲಿ ಮತ್ತು ನಡಿಗೆಯಲ್ಲಿದೆ.

ಅಪ್ಪನ ಕುಡಿತ ಹೆಚ್ಚಿದಂತೆ ಆಟ ಅಪಾಯಕಾರಿಯಾಯಿತು. ಕುಡಿದವನು ಗುರಿ ತಪ್ಪಿ ಎಸೆದರೆ ಬೀಳುವ ವಿದ್ಯೆಯೂ ಕಾಯುವುದಿಲ್ಲ. 1917ರಲ್ಲಿ ಮೇಳ ಮುರಿಯಿತು. ನ್ಯೂಯಾರ್ಕಿನ ದೊಡ್ಡ ರಂಗಪ್ರದರ್ಶನವೊಂದರಲ್ಲಿ ವಾರಕ್ಕೆ 250 ಡಾಲರಿನ ಕೆಲಸ ಕೈಯಲ್ಲಿದ್ದಾಗಲೇ ಕೀಟನ್ ಆರ್ಬಕಲ್‌ನನ್ನು ಭೇಟಿಯಾದ, ವಾರಕ್ಕೆ 40 ಡಾಲರಿಗೆ ಸಿನಿಮಾ ಸೇರಿದ. ಸೇರಿದ ಹೊಸದರಲ್ಲೇ ಕ್ಯಾಮೆರಾವನ್ನು ಬಿಚ್ಚಿ, ಪ್ರತಿ ಭಾಗ ಏನು ಮಾಡುತ್ತದೆಂದು ನೋಡಿ, ಮತ್ತೆ ಜೋಡಿಸಿದ. ಅವನನ್ನು ನಟ ಎನ್ನುವ ಮೊದಲು ಯಂತ್ರ ಬಲ್ಲವನು ಎಂದರೂ ತಪ್ಪಿಲ್ಲ.

ತಂಡ, ಬೇಸ್‌ಬಾಲ್, ಬರೆಯದ ಚಿತ್ರಕಥೆ

1918ರಲ್ಲಿ ಸೈನ್ಯಕ್ಕೆ ಸೇರಿ ಫ್ರಾನ್ಸಿಗೆ ಹೋಗಿ, ಕಿವಿಯ ಸೋಂಕಿನಿಂದ ಶ್ರವಣ ಸ್ವಲ್ಪ ಕಳೆದುಕೊಂಡು ಮರಳಿದ. 1920ರಲ್ಲಿ ನಿರ್ಮಾಪಕ ಜೋಸೆಫ್ ಶೆಂಕ್ ಅವನಿಗೆ ಸ್ವಂತ ತಂಡ ಕಟ್ಟಿಕೊಟ್ಟ; ಹಾಲಿವುಡ್‌ನಲ್ಲಿ ಹಿಂದೆ ಚಾಪ್ಲಿನ್ ಬಳಸಿದ್ದ ಸ್ಟುಡಿಯೊವೇ ಕೀಟನ್ ಸ್ಟುಡಿಯೊ ಆಯಿತು. ಮುಂದಿನ ಮೂರು ವರ್ಷದಲ್ಲಿ ಅಲ್ಲಿಂದ 19 ಕಿರುಚಿತ್ರಗಳು ಹೊರಬಂದವು.

ತಂಡ ಚಿಕ್ಕದು. ಕ್ಯಾಮೆರಾಕ್ಕೆ ಎಲ್ಗಿನ್ ಲೆಸ್ಲಿ. ಸೆಟ್ಟು, ಯಂತ್ರ, ಸಾಮಾನು ಎಲ್ಲಕ್ಕೂ ಫ್ರೆಡ್ ಗ್ಯಾಬುರಿ. ನಗೆ ಪ್ರಸಂಗಗಳನ್ನು ಹೆಣೆಯಲು ಕ್ಲೈಡ್ ಬ್ರಕ್‌ಮನ್, ಜೀನ್ ಹ್ಯಾವೆಜ್, ಜೋ ಮಿಚೆಲ್. ಕಾಗದದ ಮೇಲೆ ಚಿತ್ರಕಥೆ ಇರುತ್ತಿರಲಿಲ್ಲ. ಒಳ್ಳೆಯ ಆರಂಭ ಸಿಗಬೇಕು, ಒಳ್ಳೆಯ ಅಂತ್ಯ ಸಿಗಬೇಕು, ನಡುವಿನದು ತಾನೇ ಹುಟ್ಟಿಕೊಳ್ಳುತ್ತದೆ ಎಂಬುದು ಅವರ ನಂಬಿಕೆ. ನಡುವೆ ಸಿಕ್ಕಿಹಾಕಿಕೊಂಡರೆ ಚಿತ್ರೀಕರಣ ನಿಲ್ಲಿಸಿ ಬೇಸ್‌ಬಾಲ್ ಆಡುತ್ತಿದ್ದರು. ಆಟದ ಮಧ್ಯೆ ಯಾರಿಗಾದರೂ ಏನಾದರೂ ಹೊಳೆದರೆ ಬ್ಯಾಟು ಎಸೆದು ಕೆಲಸಕ್ಕೆ. ಲೆಕ್ಕಪತ್ರ ನೋಡುವವರ ಕಣ್ಣಿಗೆ ಇದು ಪೋಲು. ಅವರಿಗಂತೂ ಇದು ಕೆಲಸದ್ದೇ ಭಾಗವಾಗಿತ್ತು.

ಕ್ಯಾಮೆರಾ ಇಡುವುದರಲ್ಲೂ ಒಂದು ಕಟ್ಟುನಿಟ್ಟಿತ್ತು. ಸಾಹಸವಿರುವ ಕಡೆ ಕ್ಯಾಮೆರಾ ದೂರ ನಿಲ್ಲಬೇಕು, ಅಡಿಯಿಂದ ಮುಡಿಯವರೆಗೆ ಮನುಷ್ಯ ಕಾಣಬೇಕು, ಶುರುವಿನಿಂದ ಕೊನೆಯವರೆಗೆ ಒಂದೇ ಶಾಟ್ ಇರಬೇಕು. ಕಾರಣ ಸರಳ. ಬೀಳುವ ಗೋಡೆಯನ್ನು ಒಂದು ಶಾಟ್‌ನಲ್ಲಿ, ನಿಂತ ಮನುಷ್ಯನನ್ನು ಇನ್ನೊಂದರಲ್ಲಿ ತೋರಿಸಿದರೆ ನೋಡುವವನಿಗೆ ಇದು ಕತ್ತರಿ ಕೆಲಸ ಎಂದು ಗೊತ್ತಾಗಿಬಿಡುತ್ತದೆ. ಗೊತ್ತಾದ ಕೂಡಲೇ ಎದೆ ಝಲ್ಲೆನ್ನುವುದು ನಿಲ್ಲುತ್ತದೆ, ಅದರ ಬೆನ್ನಿಗೆ ಬರುವ ನಗೆಯೂ ನಿಲ್ಲುತ್ತದೆ.

‘ಒನ್ ವೀಕ್’ ಈ ಪದ್ಧತಿಯ ಮೊದಲ ಫಲ. ಹೊಸ ಮದುಮಕ್ಕಳಿಗೆ ಪೆಟ್ಟಿಗೆಗಳಲ್ಲಿ ಬರುವ, ತಾವೇ ಜೋಡಿಸಿಕೊಳ್ಳಬೇಕಾದ ಮನೆಯೊಂದು ಉಡುಗೊರೆ. ಹುಡುಗಿಯನ್ನು ಬಯಸಿ ಸೋತವನು ಪೆಟ್ಟಿಗೆಗಳ ನಂಬರು ತಿದ್ದಿರುತ್ತಾನೆ. ಸೊಟ್ಟ ಮನೆ ಏಳುತ್ತದೆ, ಬಿರುಗಾಳಿಯಲ್ಲಿ ಬುಗುರಿಯಂತೆ ಸುತ್ತುತ್ತದೆ. ನಿಜಕ್ಕೂ ಸುತ್ತಿದ್ದು ಮನೆಯೇ: ಇಡೀ ಮನೆಯನ್ನು ತಿರುಗುವ ಮಣೆಯ ಮೇಲೆ ಕಟ್ಟಿದ್ದರು.

ತಪ್ಪಿದ್ದನ್ನು ಬಳಸಿಕೊಂಡದ್ದು

ಅಳತೆ ಎಷ್ಟೇ ಇದ್ದರೂ ತಪ್ಪುಗಳಾದವು. ಅವನ್ನು ಕೀಟನ್ ಏನು ಮಾಡಿದ ಎಂಬುದೇ ಅವನ ಬಗ್ಗೆ ನನಗೆ ಅತ್ಯಂತ ಇಷ್ಟವಾಗುವ ಸಂಗತಿ.

1921ರಲ್ಲಿ ‘ದಿ ಎಲೆಕ್ಟ್ರಿಕ್ ಹೌಸ್’ ತೆಗೆಯುವಾಗ ಅವನ ಪಾದ ಎಸ್ಕಲೇಟರಿಗೆ ಸಿಕ್ಕಿ ಕಾಲು ಮುರಿಯಿತು. ಆ ಚಿತ್ರ ನಿಂತಿತು, ಮರುವರ್ಷ ಹೊಸದಾಗಿಯೇ ತೆಗೆದರು. ಓಡುವ ಹಾರುವ ಕೆಲಸ ಸಾಧ್ಯವಿಲ್ಲವಾದ್ದರಿಂದ ಮುಂದಿನ ಚಿತ್ರ ‘ದಿ ಪ್ಲೇಹೌಸ್’ನಲ್ಲಿ ಸಾಹಸದ ಭಾರವನ್ನು ಕ್ಯಾಮೆರಾದ ಮೇಲೆ ಹೊರಿಸಿದ. ರಂಗದ ಮೇಲೆ ಒಂಬತ್ತು ಜನ ಸಾಲಾಗಿದ್ದಾರೆ, ಒಂಬತ್ತೂ ಕೀಟನ್. ಕ್ಯಾಮೆರಾದ ಮುಂದೆ ಬೆಳಕು ನುಸುಳದ ಕಪ್ಪು ಪೆಟ್ಟಿಗೆ, ಅದರಲ್ಲಿ ಒಂಬತ್ತು ಸಣ್ಣ ಪಟ್ಟಿಬಾಗಿಲು. ಒಂದು ಬಾಗಿಲು ತೆರೆದು ಒಬ್ಬ ಕೀಟನ್‌ನನ್ನು ತೆಗೆಯುವುದು, ಮುಚ್ಚುವುದು, ಫಿಲ್ಮನ್ನು ಮೊದಲಿಗೆ ಸುತ್ತುವುದು, ಮುಂದಿನ ಬಾಗಿಲು ತೆರೆಯುವುದು. ಹೀಗೆ ಒಂದೇ ಫಿಲ್ಮು ಒಂಬತ್ತು ಸಲ ಕ್ಯಾಮೆರಾದೊಳಗೆ ಹಾದುಹೋಯಿತು.

ಆಗ ಕ್ಯಾಮೆರಾಕ್ಕೆ ಮೋಟಾರ್ ಇರಲಿಲ್ಲ, ಕೈಯಿಂದ ತಿರುಗಿಸಬೇಕಿತ್ತು. ಲೆಸ್ಲಿಯ ಕೈವೇಗ ಒಂದು ಸಲ ಸ್ವಲ್ಪ ಹೆಚ್ಚಿದರೂ ಆ ಕೀಟನ್ ಮಾತ್ರ ಉಳಿದವರಿಗಿಂತ ನಿಧಾನ ಕುಣಿಯುವಂತೆ ಕಾಣುತ್ತಿದ್ದ. ಕಡಿಮೆಯಾದರೆ ಅವಸರ ಅವಸರ. ಪಟ್ಟಿಯ ಅಂಚು ಕೂದಲೆಳೆಯಷ್ಟು ಸರಿದರೂ ಇಬ್ಬರ ನಡುವೆ ಗೆರೆ ಮೂಡುತ್ತಿತ್ತು. ಎಂಟನೆಯದು ಹಾಳಾದರೆ ಮೊದಲ ಏಳೂ ಹಾಳು. ಕೀಟನ್ ಬ್ಯಾಂಜೊ ಎಂಬ ತಂತಿವಾದ್ಯದ ತಾಳಕ್ಕೆ ಹೆಜ್ಜೆ ಹಾಕಿದ. ಲೆಸ್ಲಿಗೆ ತನ್ನ ಕೈಯೇ ತಾಳವಾಗಿತ್ತು.

1923ರ ‘ತ್ರೀ ಏಜಸ್’ನಲ್ಲಿ ಒಂದು ಕಟ್ಟಡದ ಮಾಳಿಗೆಯಿಂದ ಪಕ್ಕದ ಕಟ್ಟಡಕ್ಕೆ ಹಾರಬೇಕು. ಹಾರಿದ, ಅಂಚಿಗೆ ಬೆರಳು ತಾಗಿತು, ಜಾರಿ ಕೆಳಗೆ ಕಟ್ಟಿದ್ದ ಬಲೆಗೆ ಬಿದ್ದ. ಮೈ ಜಜ್ಜಿ ಕೆಲವು ದಿನ ಏಳಲಾಗಲಿಲ್ಲ. ಫಿಲ್ಮು ತೊಳೆದು ನೋಡಿದರೆ ತಪ್ಪಿದ ಹಾರಾಟವೇ ಚೆನ್ನಾಗಿತ್ತು. ಅದನ್ನೇ ಇಟ್ಟುಕೊಂಡು ಮುಂದುವರಿಸಿದರು: ಬೀಳುವವನು ಕಿಟಕಿಗಳ ಬಟ್ಟೆಚಾವಣಿಗಳನ್ನು ಹರಿದುಕೊಂಡು ಬಂದು ಒಂದು ಕೊಳವೆ ಹಿಡಿಯುತ್ತಾನೆ, ಕೊಳವೆ ಕಿತ್ತು ಬಂದು ಅವನನ್ನು ಕಟ್ಟಡದೊಳಕ್ಕೆ ಬೀಸಿ ಎಸೆಯುತ್ತದೆ, ಎಸೆದದ್ದು ನೋಡಿದರೆ ಅಗ್ನಿಶಾಮಕ ಠಾಣೆಗೆ. ಹಾರಾಟ ಸರಿಯಾಗಿದ್ದರೆ ಈ ಸರಣಿ ಹುಟ್ಟುತ್ತಲೇ ಇರಲಿಲ್ಲ.

ಅದೇ ವರ್ಷದ ‘ಅವರ್ ಹಾಸ್ಪಿಟಾಲಿಟಿ’ಗೆ ಟ್ರಕಿ ನದಿಯ ಸೆಳೆತದಲ್ಲಿ ಇಳಿದಾಗ ಅವನನ್ನು ಹಿಡಿದಿಟ್ಟಿದ್ದ ತಂತಿ ತುಂಡಾಯಿತು. ಕೊಚ್ಚಿಹೋಗುತ್ತಿರುವವನನ್ನು ಕ್ಯಾಮೆರಾ ತೆಗೆಯುತ್ತಲೇ ಇತ್ತು, ಆ ಶಾಟ್ ಚಿತ್ರದಲ್ಲಿದೆ. 1924ರ ‘ಶರ್ಲಾಕ್ ಜೂನಿಯರ್’ನಲ್ಲಿ ಓಡುವ ರೈಲಿನ ಮೇಲಿಂದ ನೀರಿನ ತೊಟ್ಟಿಯ ಕೊಳವೆಗೆ ಜೋತುಬೀಳುತ್ತಾನೆ. ತೊಟ್ಟಿಯ ನೀರಿನ ರಭಸ ಅವರ ಅಂದಾಜನ್ನು ಮೀರಿತ್ತು. ಕೆಳಗೆ ಬಿದ್ದವನ ಕತ್ತು ಹಳಿಗೆ ಬಡಿಯಿತು. ಎದ್ದು ಓಡಿದ, ಕೆಲವು ವಾರ ತಲೆನೋವು ಅನುಭವಿಸಿದ. ಎಷ್ಟೋ ವರ್ಷಗಳ ನಂತರ ಎಕ್ಸ್‌ರೇ ನೋಡಿದ ವೈದ್ಯರು, ಕತ್ತು ಮುರಿದದ್ದು ಯಾವಾಗ ಎಂದು ಕೇಳಿದಾಗಲೇ ಅವನಿಗೆ ತಿಳಿದದ್ದು.

ಅದೇ ಚಿತ್ರದಲ್ಲಿ ಚಿತ್ರಮಂದಿರದ ಆಪರೇಟರ್ ನಿದ್ದೆಹೋಗಿ ಕನಸಿನಲ್ಲಿ ಪರದೆಯೊಳಕ್ಕೆ ನಡೆದುಹೋಗುತ್ತಾನೆ. ಮೊದಲ ಹೆಜ್ಜೆಯ ‘ಪರದೆ’ ಪರದೆಯೇ ಅಲ್ಲ: ಅದೊಂದು ರಂಗದ ಸೆಟ್ಟು, ಸಿನಿಮಾದಂತೆ ಕಾಣಲು ಬೆಳಕು ಹೊಂದಿಸಿದ್ದು. ಆಮೇಲೆ ಅವನು ನಿಂತಂತೆಯೇ ಹಿನ್ನೆಲೆ ಬದಲಾಗುತ್ತ ಹೋಗುತ್ತದೆ. ಬೆಂಚಿನ ಮೇಲೆ ಕೂರಲು ಹೋದರೆ ಬೀದಿ, ಬೀದಿಯಲ್ಲಿ ನಡೆದರೆ ಬಂಡೆಯ ತುದಿ, ಕಡಲಿಗೆ ಧುಮುಕಿದರೆ ಹಿಮದ ರಾಶಿ. ಒಂದೊಂದು ಜಾಗದ ಚಿತ್ರೀಕರಣವೂ ಬೇರೆ ದಿನ, ಬೇರೆ ಊರು. ಆದರೂ ಮನುಷ್ಯ ಕದಲದಂತೆ ಕಾಣಬೇಕು. ಅದಕ್ಕಾಗಿ ಜಮೀನು ಅಳೆಯುವವರ ಸರ್ವೆ ಉಪಕರಣ ತಂದು, ಕ್ಯಾಮೆರಾದಿಂದ ಕೀಟನ್‌ವರೆಗಿನ ದೂರವನ್ನೂ ಕ್ಯಾಮೆರಾದ ಎತ್ತರವನ್ನೂ ಪ್ರತಿ ಜಾಗದಲ್ಲಿ ಅಳೆದು ಕೂಡಿಸಿದರು.

‘ದಿ ನ್ಯಾವಿಗೇಟರ್’ಗೆ ಗ್ಯಾಬುರಿ ಒಂದು ಇಡೀ ಹಡಗನ್ನೇ ಹುಡುಕಿ ತಂದ. ಗುಜರಿಗೆ ಹೊರಟಿದ್ದ ‘ಬ್ಯೂಫರ್ಡ್’, 25,000 ಡಾಲರಿಗೆ. ನೀರಿನಡಿಯ ದೃಶ್ಯಕ್ಕೆ ಮೊದಲು ಈಜುಕೊಳದ ಗೋಡೆ ಎತ್ತರಿಸಿ ನೀರು ತುಂಬಿದರು, ನೀರಿನ ಭಾರಕ್ಕೆ ಕೊಳದ ತಳವೇ ಬಿರಿಯಿತು. ಕೊನೆಗೆ ತಿಳಿನೀರಿನ ಟಾಹೊ ಸರೋವರಕ್ಕೆ ಹೋದರು. ಅಲ್ಲಿನ ಕಷ್ಟ ತಂಪು. ಕ್ಯಾಮೆರಾ ಕೂರಿಸಿದ ಪೆಟ್ಟಿಗೆಯ ಒಳಗೆ ಬೆಚ್ಚಗೆ, ಹೊರಗೆ ಕೊರೆಯುವ ನೀರು. ಗಾಜಿನ ಮೇಲೆ ಮಂಜು ಕಟ್ಟಿ ಏನೂ ಕಾಣದು. ಪೆಟ್ಟಿಗೆಯೊಳಗೆ ಐಸ್ ತುಂಬಿ ಒಳಗೂ ಹೊರಗೂ ಒಂದೇ ತಂಪು ಮಾಡಿದ ಮೇಲೆ ಕೆಲಸ ಸಾಗಿತು.

ಇನ್ನೊಂದು ಅಭ್ಯಾಸವನ್ನು ಹೇಳಲೇಬೇಕು. ಚಿತ್ರ ಮುಗಿದ ಕೂಡಲೇ ಬಿಡುಗಡೆ ಮಾಡದೆ ಸಾಮಾನ್ಯ ಪ್ರೇಕ್ಷಕರಿಗೆ ತೋರಿಸಿ, ಎಲ್ಲಿ ನಕ್ಕರು ಎಲ್ಲಿ ಸುಮ್ಮನಾದರು ಎಂದು ನೋಡುತ್ತಿದ್ದರು. 1925ರ ‘ಸೆವೆನ್ ಚಾನ್ಸಸ್’ನ ಇಂಥ ಪ್ರದರ್ಶನದಲ್ಲಿ, ಇಳಿಜಾರಿನಲ್ಲಿ ಓಡುವ ಕೀಟನ್‌ನ ಕಾಲಿಗೆ ತಾಗಿ ಎರಡು ಮೂರು ಕಲ್ಲು ಉರುಳಿದ್ದು ಕಂಡು ಜನ ನಕ್ಕರು. ಅದು ಆಕಸ್ಮಿಕ, ಯಾರೂ ಯೋಜಿಸಿದ್ದಲ್ಲ. ತಂಡ ಹಿಂದಿರುಗಿ ಹೋಗಿ, ತಂತಿಯ ಚೌಕಟ್ಟಿಗೆ ಕಾಗದದ ಮುದ್ದೆ ಮೆತ್ತಿ, ಚೆಂಡಿನ ಗಾತ್ರದಿಂದ ಆಳೆತ್ತರದವರೆಗೆ ರಾಶಿ ಬಂಡೆ ಮಾಡಿ ಗುಡ್ಡದ ಮೇಲಿಂದ ಉರುಳಿಸಿತು. ಇಂದು ಆ ಚಿತ್ರವನ್ನು ಜನ ನೆನೆಯುವುದೇ ಆ ಬಂಡೆಗಳಿಗಾಗಿ.

ಒಂದೇ ಸಲ ಬೀಳಬಹುದಾದ ರೈಲು

1926ರ ‘ದಿ ಜನರಲ್’ 1862ರ ಅಮೆರಿಕದ ಅಂತರ್ಯುದ್ಧದಲ್ಲಿ ನಿಜವಾಗಿ ನಡೆದ ರೈಲು ಅಪಹರಣವನ್ನು ಆಧರಿಸಿದ್ದು. ಅಷ್ಟು ಹಳೆಯ ಕಾಲದ ಹಳಿಗಳು ಬೇಕಿದ್ದವು. ಮರ ಸಾಗಿಸುವ ಹಳೆಯ ರೈಲುದಾರಿಗಳಿದ್ದ ಆರೆಗಾನ್ ರಾಜ್ಯದ ಕಾಟೇಜ್ ಗ್ರೋವ್‌ಗೆ ತಂಡ ಹೋಯಿತು. ಎರಡೂ ಕಡೆಯ ಸೈನಿಕರಾಗಿ ಆ ರಾಜ್ಯದ ನ್ಯಾಷನಲ್ ಗಾರ್ಡ್ ಪಡೆಯವರು ಸಮವಸ್ತ್ರ ಬದಲಿಸಿ ಬದಲಿಸಿ ನಟಿಸಿದರು. ಎಂಜಿನ್‌ಗಳು ಸೌದೆಯಿಂದ ಓಡುತ್ತಿದ್ದುದರಿಂದ ಕಿಡಿ ಹಾರಿ ಕಾಡಿಗೆ ಬೆಂಕಿ ಬಿತ್ತು. ಇದೇ ಸೈನಿಕರು ಕೋಟು ಬಿಚ್ಚಿ ಬಡಿದು ಬೆಂಕಿ ಆರಿಸಿದರು.

ಇದರ ಎರಡು ಶಾಟ್‌ಗಳನ್ನು ನಿಧಾನವಾಗಿ ನೋಡಿ. ಒಂದರಲ್ಲಿ ಕೀಟನ್ ಚಲಿಸುವ ಎಂಜಿನ್ನಿನ ಮೂತಿಯ ಮೇಲೆ ಕೂತಿದ್ದಾನೆ, ತೋಳಲ್ಲಿ ಹಳಿಯಡಿ ಹಾಸುವ ಒಂದು ಸ್ಲೀಪರ್ ಮರ. ಮುಂದೆ ಹಳಿಗೆ ಅಡ್ಡಲಾಗಿ ಇನ್ನೊಂದು ಸ್ಲೀಪರ್ ಬಿದ್ದಿದೆ. ಕೈಯಲ್ಲಿದ್ದುದನ್ನು ಬಿದ್ದಿರುವುದರ ತುದಿಗೆ ಎಸೆಯುತ್ತಾನೆ, ಅದು ಏತದಂತೆ ಮೇಲೆದ್ದು ಹಳಿಯಿಂದಾಚೆ ಹಾರುತ್ತದೆ. ಗುರಿ ಒಂದು ಗೇಣು ತಪ್ಪಿದ್ದರೆ ಎಂಜಿನ್ ಹಳಿ ತಪ್ಪುತ್ತಿತ್ತು, ಮೂತಿಯಲ್ಲಿ ಕೂತವನು ಅದರಡಿ ಇರುತ್ತಿದ್ದ. ಇನ್ನೊಂದರಲ್ಲಿ, ಪ್ರೀತಿಸಿದವಳು ಮುಖ ತಿರುಗಿಸಿದ ದುಃಖದಲ್ಲಿ ಅವನು ಎಂಜಿನ್ನಿನ ಚಕ್ರಗಳನ್ನು ಜೋಡಿಸುವ ಉಕ್ಕಿನ ಸರಳಿನ ಮೇಲೆ ಕೂರುತ್ತಾನೆ. ಎಂಜಿನ್ ಹೊರಡುತ್ತದೆ, ಸರಳು ಅವನನ್ನು ಮೇಲೆ ಕೆಳಗೆ ತೂಗುತ್ತ ಒಯ್ಯುತ್ತದೆ. ನಿಶ್ಶಬ್ದ, ಪುಟ್ಟ ಶಾಟ್. ಅಪಾಯ ಇದ್ದದ್ದು ಹಬೆಯಲ್ಲಿ. ಚಾಲಕ ಹಬೆಯನ್ನು ಒಂದಿಷ್ಟು ಹೆಚ್ಚು ಬಿಟ್ಟು ಚಕ್ರ ನಿಂತಲ್ಲೇ ಗಿರ್ರನೆ ಸುತ್ತಿದರೆ ಸರಳಿನ ಮೇಲಿರುವವನು ಉಳಿಯುವುದಿಲ್ಲ.

ಜುಲೈ 23ರಂದು ರೋ ನದಿಯ ಮೇಲೆ ಕಟ್ಟಿದ ಸೇತುವೆಗೆ ಬೆಂಕಿ ಇಟ್ಟು, ನಿಜವಾದ ಎಂಜಿನ್ ಓಡಿಸಿ ನದಿಗೆ ಬೀಳಿಸಿದರು. ಒಂದೇ ಅವಕಾಶವಾದ್ದರಿಂದ ಹಲವು ಕ್ಯಾಮೆರಾ ಇಟ್ಟಿದ್ದರು. ಆ ಒಂದು ಶಾಟ್‌ಗೆ ತಗುಲಿದ್ದು 42,000 ಡಾಲರ್, ಮೂಕಿ ಕಾಲದಲ್ಲೇ ಅತ್ಯಂತ ದುಬಾರಿ ಶಾಟ್ ಎಂದು ಅದನ್ನು ಎಣಿಸುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಗುಜರಿಗೆ ಎತ್ತುವವರೆಗೂ ಎಂಜಿನ್ ಅಲ್ಲೇ ನದಿಯಲ್ಲಿ ಬಿದ್ದಿತ್ತು.

ಇಂದು ಶ್ರೇಷ್ಠ ಚಿತ್ರಗಳ ಪಟ್ಟಿಗಳಲ್ಲಿ ಕಾಣುವ ಈ ಸಿನಿಮಾ ಅಂದು ಸೋತಿತು. ಖರ್ಚು ಸುಮಾರು ಏಳೂವರೆ ಲಕ್ಷ ಡಾಲರ್, ಅಮೆರಿಕದಲ್ಲಿ ಬಂದ ಗಳಿಕೆ ಅದಕ್ಕಿಂತ ಬಹಳ ಕಡಿಮೆ. ಮುಂದಿನ ‘ಕಾಲೇಜ್’ನಲ್ಲಿ ಅವನು ಎಚ್ಚರದಿಂದ ಹೆಜ್ಜೆ ಇಟ್ಟ. ಕೋಲು ಹಿಡಿದು ಮೇಲಂತಸ್ತಿನ ಕಿಟಕಿಗೆ ಹಾರುವ ಶಾಟ್ ಒಂದಕ್ಕೆ ಒಲಿಂಪಿಕ್ಸ್ ಜಿಗಿತಗಾರ ಲೀ ಬಾರ್ನ್ಸ್‌ನನ್ನು ಡ್ಯೂಪ್ ಮಾಡಿಕೊಂಡದ್ದನ್ನು ಅವನೇ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ಆಮೇಲೆ ‘ಸ್ಟೀಮ್‌ಬೋಟ್ ಬಿಲ್’, ಆ ಗೋಡೆ. ಅದೂ ಹಣ ತರಲಿಲ್ಲ.

ಎಂಜಿಎಂನಲ್ಲಿ ಏನು ಕೆಟ್ಟಿತು

1928ರಲ್ಲಿ ಶೆಂಕ್ ಸಲಹೆಯಂತೆ ಕೀಟನ್ ತನ್ನ ಸ್ಟುಡಿಯೊ ಬಿಟ್ಟು ಹಾಲಿವುಡ್‌ನ ದೊಡ್ಡ ಸ್ಟುಡಿಯೊ ಎಂಜಿಎಂ ಸೇರಿದ. ವಾರಕ್ಕೆ 3,000 ಡಾಲರ್ ಸಂಬಳ. ಹೋಗಬೇಡ ಎಂದು ಚಾಪ್ಲಿನ್ ಹೇಳಿದ, ಇನ್ನೊಬ್ಬ ಮೂಕಿ ಹಾಸ್ಯನಟ ಹೆರಾಲ್ಡ್ ಲಾಯ್ಡ್ ಹೇಳಿದ. ತನ್ನ ಬದುಕಿನ ಅತಿ ದೊಡ್ಡ ತಪ್ಪು ಅದೇ ಎಂದು ಕೀಟನ್ ಮುಂದೆ ಒಪ್ಪಿಕೊಂಡ.

ಎಂಜಿಎಂ ಕೆಟ್ಟ ಸ್ಟುಡಿಯೊ ಎನ್ನಲಾಗದು, ಅದರ ಕ್ರಮ ಬೇರೆ. ಅಲ್ಲಿ ಮೊದಲು ಚಿತ್ರಕಥೆ ಬರೆಯಬೇಕು. ಮೇಲಿನವರು ಒಪ್ಪಬೇಕು. ಒಪ್ಪಿದ್ದನ್ನು ದೃಶ್ಯವಾಗಿ ಒಡೆದು, ಒಂದೊಂದಕ್ಕೂ ಸೆಟ್ಟು, ಸಾಮಾನು, ದಿನ, ಹಣ ಗೊತ್ತುಮಾಡಬೇಕು. ಗೊತ್ತುಮಾಡಿದ ಮೇಲೆ ಬದಲಾಯಿಸಿದರೆ ಹತ್ತು ವಿಭಾಗಗಳ ಕೆಲಸ ಕೆಡುತ್ತದೆ. ಮಾತು, ಕಥೆ, ತಾರೆಯರ ಮೇಲೆ ನಿಂತ ಸಿನಿಮಾಕ್ಕೆ ಈ ಕ್ರಮ ಒಗ್ಗುತ್ತದೆ. ಹಾರಾಟ ತಪ್ಪಿದ ಮೇಲೆ ಕಥೆ ಬದಲಿಸುವವನಿಗೆ, ಉರುಳಿದ ಮೂರು ಕಲ್ಲು ನೋಡಿ ಕ್ಲೈಮ್ಯಾಕ್ಸನ್ನೇ ಹೊಸದಾಗಿ ತೆಗೆಯುವವನಿಗೆ ಇದು ಕೈಕಾಲು ಕಟ್ಟಿದಂತೆ. ಜೊತೆಗೆ ವಾರಕ್ಕೆ 3,000 ಡಾಲರಿನ ನಟ ಮೈ ಮುರಿದುಕೊಂಡರೆ ಕಂಪನಿಗೆ ನಷ್ಟ. ಸಾಹಸಕ್ಕೆ ಡ್ಯೂಪ್ ಹಾಕಿ ಎಂದರು.

ಮೊದಲ ಚಿತ್ರ ‘ದಿ ಕ್ಯಾಮೆರಾಮನ್’ನಲ್ಲಿ ಇನ್ನೂ ಹೋರಾಟದ ಶಕ್ತಿ ಇತ್ತು. ಒಂದು ದಂಡು ಬರಹಗಾರರು ಸೇರಿ ಬರೆದ ತೊಡಕಿನ ಚಿತ್ರಕಥೆ ಕೈಗಿಟ್ಟಿದ್ದರು. ಅದನ್ನು ಬದಿಗಿಟ್ಟು ತನ್ನ ರೀತಿಯಲ್ಲಿ ತೆಗೆಯಲು ಸ್ಟುಡಿಯೊದ ನಿರ್ಮಾಣ ಮುಖ್ಯಸ್ಥ ಅರ್ವಿಂಗ್ ಥಾಲ್ಬರ್ಗ್‌ನನ್ನು ಒಪ್ಪಿಸಿದ. ಚಿತ್ರ ಬಹಳ ಚೆನ್ನಾಗಿದೆ, ನೋಡಿದರೆ ಅದು ಅವನ ಕೊನೆಯ ದೊಡ್ಡ ಚಿತ್ರ ಎಂದು ನಂಬುವುದು ಕಷ್ಟ. ಮುಂದಿನ ‘ಸ್ಪೈಟ್ ಮ್ಯಾರೇಜ್’ ಅನ್ನು ಮಾತಿನ ಚಿತ್ರವಾಗಿ ತೆಗೆಯೋಣ ಎಂದು ಕೇಳಿದವನು ಕೀಟನ್, ಬೇಡ ಎಂದದ್ದು ಸ್ಟುಡಿಯೊ. ಧ್ವನಿಗೆ ಅವನು ಹೆದರಿದ ಎಂಬ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ. ರಂಗದಲ್ಲಿ ಪಳಗಿದ, ಗಡುಸಾದ ಒಳ್ಳೆಯ ದನಿ ಅವನದು. ಸಂಭಾಷಣೆ ಬೇಕಾದಲ್ಲಿ ಇರಲಿ, ಕೈ ಮಾತಾಡುವ ಕಡೆ ಬಾಯಿ ಸುಮ್ಮನಿರಲಿ ಎಂಬುದು ಅವನ ವಾದ.

ಸಿಕ್ಕಿದ್ದು ಬೇರೆ. 1930ರ ‘ಫ್ರೀ ಆಂಡ್ ಈಸಿ’ಯಿಂದ ಆಚೆಗೆ ಅವನ ಪಾತ್ರಗಳಿಗೆ ಮೇಲಿಂದ ಮೇಲೆ ಎಲ್ಮರ್ ಎಂದೇ ಹೆಸರು, ಪೆದ್ದನ ಸ್ವಭಾವ. ಮೂಕಿಯ ಕೀಟನ್ ಪೆದ್ದನಲ್ಲ. ಲೋಕ ಅವನ ಮೇಲೆ ಕುಸಿಯುತ್ತದೆ, ಅವನು ತಲೆ ಓಡಿಸಿ ಹಗ್ಗ, ಸನ್ನೆಕೋಲು, ಚಕ್ರ ಹುಡುಕಿಕೊಂಡು ದಾರಿ ಮಾಡಿಕೊಳ್ಳುತ್ತಾನೆ. ಎಲ್ಮರ್ ಎಡವುತ್ತಾನೆ, ಜನ ಅಯ್ಯೋ ಎನ್ನಬೇಕು. ಸಾಲದ್ದಕ್ಕೆ ವಿದೇಶಿ ಮಾರುಕಟ್ಟೆಗೆಂದು ಕೆಲವು ಚಿತ್ರಗಳನ್ನು ಬೇರೆ ಭಾಷೆಗಳಲ್ಲೂ ಮತ್ತೆ ತೆಗೆಯಬೇಕಿತ್ತು; ಅರ್ಥ ತಿಳಿಯದ ವಾಕ್ಯಗಳನ್ನು ಉಚ್ಚಾರ ನೋಡಿ ಬಾಯಿಪಾಠ ಮಾಡಿ ಅದೇ ದೃಶ್ಯವನ್ನು ಮತ್ತೆ ಮತ್ತೆ ನಟಿಸಬೇಕು. ದುರಂತವೆಂದರೆ ಈ ಚಿತ್ರಗಳು ಹಣ ಮಾಡಿದವು. ಲಾಭ ಬರುತ್ತಿರುವಾಗ ‘ನನ್ನ ದಾರಿ ಸರಿ’ ಎಂದು ವಾದಿಸಲು ಅವನ ಬಳಿ ಏನೂ ಉಳಿಯಲಿಲ್ಲ.

ಕುಡಿತ ಏರಿತು. 1932ರಲ್ಲಿ ಹೆಂಡತಿ ನ್ಯಾಟಲಿ ಟಾಲ್ಮಡ್ಜ್ ವಿಚ್ಛೇದನ ಪಡೆದಳು. ಇಬ್ಬರು ಗಂಡುಮಕ್ಕಳ ಹೆಸರಿನಿಂದ ಕೀಟನ್ ಎಂಬುದು ಹೋಗಿ ಟಾಲ್ಮಡ್ಜ್ ಬಂತು. 1933ರಲ್ಲಿ ಎಂಜಿಎಂ ಅವನನ್ನು ತೆಗೆದುಹಾಕಿತು.

ಮುಂದಿನ ವರ್ಷಗಳಲ್ಲಿ ಕಡಿಮೆ ಖರ್ಚಿನ ಕಿರುಚಿತ್ರಗಳನ್ನು ಮಾಡಿದ. ಹೊರಹಾಕಿದ ಎಂಜಿಎಂಗೇ ಮರಳಿ, ಬೇರೆಯವರ ಚಿತ್ರಗಳಿಗೆ ನಗೆ ಪ್ರಸಂಗ ಹೊಸೆದುಕೊಡುವ ಕೆಲಸಕ್ಕೆ ಕೂತ, ವಾರಕ್ಕೆ 100 ಡಾಲರಿಗೆ. 1940ರಲ್ಲಿ ನರ್ತಕಿ ಎಲಿನಾರ್ ನಾರಿಸ್‌ಳನ್ನು ಮದುವೆಯಾದ. ಅವನು ಸಾಯುವವರೆಗೂ ನಿಂತ ಆ ಮದುವೆ ಅವನನ್ನು ಉಳಿಸಿತು. 1947ರಲ್ಲಿ ಪ್ಯಾರಿಸ್ಸಿನ ಮೆಡ್ರಾನೊ ಸರ್ಕಸ್ಸಿನಲ್ಲಿ ಆಡಿದ. 1949ರ ಒಂದು ಚಿತ್ರದಲ್ಲಿ ಪಿಟೀಲಿನ ಮೇಲೆ ಬಿದ್ದು ಅದನ್ನು ಪುಡಿ ಮಾಡುವ ನಗೆಯ ಬೀಳುವಿಕೆ ಬೇಕಿತ್ತು. ಅವನು ಅದನ್ನು ಹೊಸೆದುಕೊಟ್ಟ, ಹಾಗೆ ಬೀಳಬಲ್ಲವರು ಬೇರೆ ಯಾರೂ ಸಿಗದೆ ಪಾತ್ರವನ್ನೂ ಅವನಿಗೇ ಕೊಟ್ಟರು. ಅದೇ ವರ್ಷ ‘ಲೈಫ್’ ಪತ್ರಿಕೆಯಲ್ಲಿ ವಿಮರ್ಶಕ ಜೇಮ್ಸ್ ಏಜಿ ಬರೆದ ಮೂಕಿ ಹಾಸ್ಯದ ಲೇಖನ ಜನರಿಗೆ ಅವನನ್ನು ನೆನಪಿಸಿತು. ‘ಸನ್‌ಸೆಟ್ ಬೂಲ್‌ವಾರ್ಡ್’ನಲ್ಲಿ ಇಸ್ಪೀಟಾಡುವವರ ನಡುವೆ ಕಾಣಿಸಿಕೊಂಡ, 1952ರ ‘ಲೈಮ್‌ಲೈಟ್’ನಲ್ಲಿ ಚಾಪ್ಲಿನ್ ಜೊತೆ ರಂಗಕ್ಕೆ ಬಂದ.

ಚಿತ್ರಗಳು ಉಳಿದದ್ದು ಅದೃಷ್ಟದಿಂದ. ನಟ ಜೇಮ್ಸ್ ಮೇಸನ್ ಕೊಂಡಿದ್ದ ಬಂಗಲೆ ಹಿಂದೆ ಕೀಟನ್‌ನದು. ಅಲ್ಲಿ ಹಳೆಯ ರೀಲುಗಳು ಸಿಕ್ಕವು. ಆಗಿನ ಫಿಲ್ಮು ನೈಟ್ರೇಟಿನದು, ಬೇಗ ಹೊತ್ತಿಕೊಳ್ಳುತ್ತದೆ, ಇಟ್ಟಲ್ಲೇ ಕೊಳೆತು ಪುಡಿಯಾಗುತ್ತದೆ. ವಿತರಕ ರೇಮಂಡ್ ರೋಹಾವರ್ ಅವನ್ನು ಸುರಕ್ಷಿತ ಫಿಲ್ಮಿಗೆ ಇಳಿಸಿ ಮತ್ತೆ ಪ್ರದರ್ಶನಕ್ಕೆ ತಂದ. 1960ರಲ್ಲಿ ಕೀಟನ್‌ಗೆ ಗೌರವ ಆಸ್ಕರ್ ಬಂತು. ಎಪ್ಪತ್ತರ ಅಂಚಿನಲ್ಲಿ, 1965ರಲ್ಲಿ ತೆರೆಕಂಡ ‘ದಿ ರೈಲ್‌ರಾಡರ್’ಗಾಗಿ ಪುಟ್ಟ ಹಳಿಗಾಡಿಯಲ್ಲಿ ಕೆನಡಾ ದಾಟಿದ. 1966ರ ಫೆಬ್ರುವರಿ 1ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ.

ನೋಡುವವರಿಗೆ

1928ರವರೆಗಿನ ಅವನ ಚಿತ್ರಗಳು ಅಮೆರಿಕದಲ್ಲಿ ಈಗ ಹಕ್ಕುಮುಕ್ತ, ಅಂತರಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಹಾಗೆಂದೇ ಕೆಟ್ಟ ಪ್ರತಿಗಳೂ ಹೇರಳ. ನೋಡುವ ಮೊದಲು ಎರಡು ಪರೀಕ್ಷೆ ಮಾಡಿ. ಜನ ನಡೆಯುವುದೇ ಓಟದಂತೆ ಕಂಡರೆ ವೇಗ ತಪ್ಪಿದೆ: ನಿಧಾನವಾಗಿ ತೆಗೆದ ಚಿತ್ರವನ್ನು ಮಾತಿನ ಚಿತ್ರದ ಸೆಕೆಂಡಿಗೆ 24 ಫ್ರೇಮಿನ ಲೆಕ್ಕಕ್ಕೆ ಓಡಿಸಿದ್ದಾರೆ. ಎಡಬದಿಯಲ್ಲಿ ಮನುಷ್ಯರು ಅರ್ಧಕ್ಕೆ ಕತ್ತರಿಸಿದಂತಿದ್ದರೆ ಧ್ವನಿಪಟ್ಟಿಗೆ ಜಾಗ ಬಿಟ್ಟು ಮಾಡಿದ ಪ್ರತಿ ಅದು, ಮೂಕಿ ಚಿತ್ರದ ಪೂರ್ತಿ ಅಗಲ ಅದರಲ್ಲಿಲ್ಲ. ಎರಡಂಚಿಗೂ ಎರಡೆರಡು ಇಂಚು ಲೆಕ್ಕ ಹಾಕಿದವನ ಚಿತ್ರದಲ್ಲಿ ಬದಿ ಕತ್ತರಿಸುವುದು ಸಣ್ಣ ನಷ್ಟವಲ್ಲ. ಸಂಗೀತ ಹಿಡಿಸದಿದ್ದರೆ ಶಬ್ದ ನಿಲ್ಲಿಸಿ ನೋಡಬಹುದು, ಅಥವಾ ಬೇರೆ ಪ್ರತಿ ಹುಡುಕಬಹುದು. ಆಗ ಚಿತ್ರಮಂದಿರದಿಂದ ಚಿತ್ರಮಂದಿರಕ್ಕೆ ವಾದ್ಯ ಬದಲಾಗುತ್ತಿತ್ತು.

‘ಒನ್ ವೀಕ್’ನಿಂದ ಶುರು ಮಾಡಿ, ಅರ್ಧ ಗಂಟೆಯೂ ಬೇಡ. ಆಮೇಲೆ ಮುಕ್ಕಾಲು ಗಂಟೆಯ ‘ಶರ್ಲಾಕ್ ಜೂನಿಯರ್’, ಅನಂತರ ‘ದಿ ಜನರಲ್’. ಗೋಡೆ ಬೀಳುವ ತುಣುಕನ್ನು ಮಾತ್ರ ಬಿಡಿಯಾಗಿ ನೋಡಬೇಡಿ, ‘ಸ್ಟೀಮ್‌ಬೋಟ್ ಬಿಲ್’ನ ಬಿರುಗಾಳಿಯನ್ನು ಮೊದಲಿಂದ ನೋಡುತ್ತ ಬನ್ನಿ. ಗೋಡೆ ಬರುವಾಗ ಅವನ ಮುಖ ನೋಡದೆ ಪಾದ ನೋಡಿ. ಸುತ್ತ ಎಲ್ಲ ಹಾರುತ್ತಿರುವಾಗ ಹಿಮ್ಮಡಿಗಳು ಮೊಳೆ ಹೊಡೆದ ಆ ಗುರುತನ್ನು ಬಿಟ್ಟು ಕದಲುವುದಿಲ್ಲ.